ನಲವತ್ತು ಕೈಗಳಿಗೆ ನಲವತ್ತು ಅಚ್ಚು

ಆಚಾರ್ರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಕಾದ ಹಿತ್ತಾಳೆ ಬಿದ್ದು ಸುಟ್ಟ ಜಾಗ ಬೋಳಾಗಿ ಹೊಳೆಯುತ್ತಿತ್ತು. ಚೂರಿ ಬೇಕೆಂದು ಬಂದವರ ಅಂಗೈಯನ್ನು ಅವರು ಮೊದಲು ಆ ಬೆರಳಿನಿಂದಲೇ ಒತ್ತಿ ನೋಡುತ್ತಿದ್ದರು. ಆಮೇಲೆ ಜೇನುಮೇಣದ ಉಂಡೆ ಕೊಟ್ಟು, "ಗಟ್ಟಿ ಹಿಡೀರಿ, ಮೀನು ಕೊಯ್ಯೂಕೆ ಕೂತಂಗೆ" ಎನ್ನುತ್ತಿದ್ದರು. ಬೆರಳಚ್ಚು ಬಿದ್ದ ಆ ಮೇಣಕ್ಕೆ ಮಣ್ಣು ಮೆತ್ತಿ, ಬೆಂಕಿಗಿಟ್ಟು ಮೇಣ ಕರಗಿಸಿ, ಖಾಲಿಯಾದ ಅಚ್ಚಿಗೆ ಹಿತ್ತಾಳೆ ಹೊಯ್ಯುವುದು. ಅಚ್ಚು ಒಡೆದರೆ ಹಿಡಿಕೆ. ಒಂದು ಅಚ್ಚಿಗೆ ಒಂದೇ ಹಿಡಿಕೆ, ಅದೂ ಒಂದೇ ಕೈಗೆ. ಮಾವಿನಕುರ್ವೆಯ ಮೀನುಗಾರ ಹೆಂಗಸರು ಬೇರೆ ಚೂರಿ ಮುಟ್ಟುತ್ತಿರಲಿಲ್ಲ.

ನಾನಾಗ ಹೊನ್ನಾವರದ ಶಾಲೆಗೆ ಹೊಸದಾಗಿ ಬಂದ ಅಕ್ಕೋರು. ಆಚಾರ್ರ ಕುಲುಮೆಯ ಪಕ್ಕದ ಕೋಣೆ ನನ್ನ ಬಿಡಾರ. ಗಣಿತ ಕಲಿಸುತ್ತೇನೆಂದು ಸ್ವಲ್ಪ ಜಂಬವೂ ಇತ್ತು.

ಅರವತ್ತನೇ ಇಸವಿಯ ಸುಮಾರಿಗೆ ಆಚಾರ್ರ ಹೆಂಡತಿಯ ತಮ್ಮ ಮುಂಬಯಿಯಿಂದ ಕೆಂಪು ಪ್ಲಾಸ್ಟಿಕ್ ಹಿಡಿಕೆಯ ಚೂರಿ ತಂದ. "ಭಾವ, ನಿನ್ನ ಹಿತ್ತಾಳೆ ಹಿಡಿಕೆಗೆ ಒಂದೂವರೆ ರೂಪಾಯಿ ಬೀಳ್ತದೆ. ಇದಕ್ಕೆ ಎರಡಾಣೆ. ಅಕ್ಕನ ಬಳೆ ಮಾರಿ ಉಕ್ಕಿನ ಅಚ್ಚು ಮಾಡ್ಸು, ಹಿಡಿಕೆ ನಾನು ಅಲ್ಲೇ ಹೊಡೆಸಿ ಕಳಿಸ್ತೆ." ಮನೆಯಲ್ಲಿ ಇದ್ದ ಬಂಗಾರವೆಂದರೆ ಆ ಬಳೆಗಳೇ. ಆಚಾರ್ರ ಹೆಂಡತಿ ಸೆರಗನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡಳು.

ಆಚಾರ್ರು ನನ್ನಿಂದ ಮುಂಬಯಿಯ ಅಚ್ಚಿನ ಕಾರ್ಖಾನೆಗೆ ಮರಾಠಿಯಲ್ಲಿ ಕಾಗದ ಬರೆಸಿದರು. ಕಾಯಂ ಗಿರಾಕಿಗಳು ನಲವತ್ತು ಮಂದಿ, ನಲವತ್ತು ಅಚ್ಚಿಗೆ ದರವೆಷ್ಟು? ದಿನವೂ ಅವರ ಕೆಲಸ ನೋಡುತ್ತಿದ್ದ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಉತ್ತರ ಬಂತು: ಅಚ್ಚಿಗೆ ಎಂಟುನೂರು ರೂಪಾಯಿ, ಒಂದೇ ಅಚ್ಚು ಲಕ್ಷ ಹಿಡಿಕೆಗೆ ಸಾಕು, ನಲವತ್ತು ಯಾಕೆ?

"ಲಕ್ಷ ಮಂದಿಗೆ ಒಂದೇ ಕೈ ಆತಾ?" ಎಂದು ಆಚಾರ್ರು ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ.

ನಾನು ಸ್ಲೇಟು ಹಿಡಿದು ಕೂತೆ.

"ಒಂದೇ ಹಿಡಿಕೆ ಮಾಡ್ದ್ರೆ ಎಷ್ಟು ಬೀಳ್ತದೆ?"

"ಎಂಟುನೂರು ರೂಪಾಯಿ ಎರಡಾಣೆ."

"ಎರಡು ಮಾಡ್ದ್ರೆ?"

"ಒಂದೊಂದಕ್ಕೆ ನಾನೂರು ರೂಪಾಯಿ ಎರಡಾಣೆ."

"ಹಿಡಿಕೆ ಅದೇ ಅಲ್ದಾ ಅಕ್ಕೋರೆ? ಮಾಡ್ದಷ್ಟೂ ಇಳೀತದೆ ಅಂದ್ರೆ ಅದರ ಖರೆ ಬೆಲೆ ಎಂತದು?"

ಮೂರು ಸಲ ಒರೆಸಿ ಬರೆದೆ. ಅವರು ಮಾರುತ್ತಿದ್ದದ್ದು ತಿಂಗಳಿಗೆ ಹತ್ತು ಚೂರಿ. ಹಿಡಿಕೆಗೆ ಒಂದು ರೂಪಾಯಿ ಆರಾಣೆ ಉಳಿದರೂ ಅಚ್ಚಿನ ದುಡ್ಡು ತಿರುಗಿ ಬರಲು ಸುಮಾರು ಐದು ವರ್ಷ ಬೇಕು. "ಬೇಡ ಆಚಾರ್ರೆ, ಬಳೆ ಮಾರಬೇಡಿ" ಎಂದೆ. "ಆತು" ಎಂದು ಎದ್ದು ಹೋದರು.

ಅಗ್ಗವಾದರೆ ಹತ್ತರ ಜಾಗದಲ್ಲಿ ನೂರು ಹೋಗಬಹುದು ಎಂಬುದು ನನ್ನ ತಲೆಗೆ ಬರಲೇ ಇಲ್ಲ. ದೊಡ್ಡ ಗಣಿತದ ಅಕ್ಕೋರು! ಎರಡು ವರ್ಷದಲ್ಲಿ ಕುಮಟೆಯ ಸಂತೆಯಲ್ಲಿ ಬೇರೆ ಯಾರೋ ತರಿಸಿದ ಕೆಂಪು ಹಿಡಿಕೆಗಳ ರಾಶಿ ಬಿತ್ತು. ಮಾವಿನಕುರ್ವೆಯವರೂ ಅದನ್ನೇ ಕೊಂಡರು. ಕುಲುಮೆ ಆರಿತು. ಆಚಾರ್ರು ಸಾಣೆಕಲ್ಲು ಹೊತ್ತು ಭಟ್ಕಳದವರೆಗೂ ಬೀದಿ ಸುತ್ತಿ, ಅವೇ ಕೆಂಪು ಹಿಡಿಕೆಯ ಚೂರಿಗಳನ್ನು ಮಸೆದು ಕೊಡತೊಡಗಿದರು. ನಾನು ಅವರ ಕಣ್ಣು ತಪ್ಪಿಸಿ ಓಡಾಡಿದೆ.

ನನಗೆ ಕುಮಟೆಗೆ ವರ್ಗವಾದಾಗ ಅವರೇ ಬಂದು ನನ್ನ ಟ್ರಂಕಿಗೆ ಹಗ್ಗ ಕಟ್ಟಿದರು. ತಡೆಯಲಾಗದೆ ಅತ್ತುಬಿಟ್ಟೆ. ನನ್ನಿಂದಲೇ ನಿಮ್ಮ ಕಸುಬು ಹೋಯಿತು ಎಂದೆ.

ಗಂಟು ಬಿಗಿಯುತ್ತಲೇ ಹೇಳಿದರು: "ಅಲ್ಲ ಅಕ್ಕೋರೆ. ನಂಗೆ ಮೊದ್ಲೇ ಆ ಉಕ್ಕಿನ ಅಚ್ಚು ಬೇಡಾಗಿತ್ತು. ಬೇಡ ಅನ್ನೂಕೆ ನನ್ನತ್ರ ಲೆಕ್ಕ ಇರ್ಲಿಲ್ಲ, ನೀವು ಕೊಟ್ರಿ."

ಆ ಮಾತು ಖರೆಯೋ, ನನ್ನ ಅಳು ನಿಲ್ಲಿಸಲು ಹೇಳಿದ್ದೋ, ಇವತ್ತಿಗೂ ಬಗೆಹರಿದಿಲ್ಲ. ಒಮ್ಮೆ ಹೋಗಿ ಕೇಳಬೇಕೆಂದಿದ್ದೆ. ಮುಂದಿನ ಮಳೆಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡರು.