ಅರವತ್ತನಾಲ್ಕು ಅಕ್ಷರಗಳ ಹಟ

ಅಕ್ಕನ ಬಗ್ಗೆ ಬರೆಯಲು ಇವನಿಗೇನು ಗೊತ್ತು ಎನ್ನುವವರು ಎನ್ನಲಿ. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು, ವೆಲ್ಡಿಂಗ್ ಅಂಗಡಿಯವನು. ಆದರೆ ಅವಳು ಎಂಟು ವರ್ಷ ಕಾಪಾಡಿದ್ದನ್ನು ಒಂದೇ ಏಟಿಗೆ ಕಳೆದವನೂ ನಾನೇ. ಅದಕ್ಕೇ ನಾನೇ ಬರೆಯಬೇಕು.

ಅಕ್ಕನಿಗೆ ಐವತ್ತೆರಡು. ಬಸ್ ಡಿಪೋದ ಉಗ್ರಾಣದಲ್ಲಿ ಬಿಡಿಭಾಗ ನೋಡಿಕೊಳ್ಳುವ ಕೆಲಸ. ಸೀಲ್ ಒಡೆದ ಬ್ರೇಕಿನ ಡಬ್ಬಿಯನ್ನು ಅವಳು ಒಳಗೆ ಸೇರಿಸುವುದಿಲ್ಲ. ಮ್ಯಾನೇಜರೇ ಬಂದು ಎದುರು ನಿಂತರೂ "ಸೀಲ್ ಎಲ್ಲಿ ಸಾರ್?" ಎಂದು ಕೇಳಿ ಡಬ್ಬಿಯನ್ನು ಅವರತ್ತಲೇ ತಳ್ಳುತ್ತಾಳೆ.

ಮನೆಯಲ್ಲಿ ಅವಳಿಗೆ ಇನ್ನೊಂದು ಕೆಲಸ, ಸಂಬಳವಿಲ್ಲದ್ದು. ಮೊಬೈಲ್ ಆ್ಯಪ್ ಕಟ್ಟುವ ಸಲಕರಣೆಗಳನ್ನು ಒಂದು ದೊಡ್ಡ ಕಂಪನಿ ತಯಾರಿಸಿ ತನ್ನ ತಾಣದಲ್ಲಿ ಇಡುತ್ತದೆ. ಅವನ್ನು ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯ ಕಂಪ್ಯೂಟರಿನಲ್ಲಿ ಸರಿಯಾಗಿ ಕೂರಿಸಲು ಒಂದು ಪುಟ್ಟ ಸ್ಕ್ರಿಪ್ಟ್ ಬೇಕು. ಎಲ್ಲಿಂದ ಇಳಿಸಿಕೊಳ್ಳಬೇಕು, ಎಲ್ಲಿ ಇಡಬೇಕು, ಜೊತೆಗೆ ಏನೇನು ಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಪ್ಯಾಕೇಜ್ ಎನ್ನುವುದು ಇದನ್ನೇ. ಬಳಸುವ ಜನರೇ ಇಂಥ ಸಾವಿರಾರು ಪ್ಯಾಕೇಜು ಬರೆದು ಒಂದು ಕಡೆ ಇಟ್ಟಿದ್ದಾರೆ. ಒಂದೊಂದಕ್ಕೂ ಒಬ್ಬೊಬ್ಬರು ಹೊಣೆ; ಅವರು ಬಿಟ್ಟರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಅಕ್ಕನ ಮಗಳು ಆ್ಯಪ್ ಮಾಡಲು ಕಲಿಯುತ್ತೇನೆಂದು ಹೊರಟಾಗ ಈ ಪ್ಯಾಕೇಜಿನ ಹೊಣೆ ಹೊತ್ತವನು ಅದನ್ನು ಕೈಬಿಟ್ಟು ಹೋಗಿದ್ದ. ಮಗಳಿಗೆ ಬೇಕಲ್ಲ ಎಂದು ಅಕ್ಕ ಓದಿ, ತಪ್ಪು ಮಾಡಿ, ಬೈಸಿಕೊಂಡು, ಮತ್ತೆ ಓದಿ ಅದನ್ನು ವಹಿಸಿಕೊಂಡಳು. ಮಗಳು ಆರೇ ತಿಂಗಳಿಗೆ ಆ್ಯಪಿಗೆ ಕೈಮುಗಿದು ನರ್ಸಿಂಗ್ ಸೇರಿದಳು. ಅಕ್ಕ ಬಿಡಲಿಲ್ಲ.

ಆ ಸ್ಕ್ರಿಪ್ಟಿನಲ್ಲಿ ಅರವತ್ತನಾಲ್ಕು ಅಕ್ಷರಗಳ ಒಂದು ಸಾಲಿದೆ. ಕಂಪನಿಯ ತಾಣದಿಂದ ಇಳಿಯುವ ಕಡತದ ಬೆರಳಚ್ಚು ಅದು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಬೆರಳಚ್ಚು ಹೊಂದುವುದಿಲ್ಲ, ಕಂಪ್ಯೂಟರ್ ಅದನ್ನು ಮುಟ್ಟುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವಳ ಹಿಂಬಾಗಿಲ ಕಬ್ಬಿಣದ ಗೇಟಿಗೆ ತಿರುಗುಣಿ ಬೆಸೆಯಲು ಹೋಗಿದ್ದೆ. ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್, ಪಕ್ಕದಲ್ಲಿ ಅರ್ಧ ಹೆಚ್ಚಿದ ಈರುಳ್ಳಿ. ಅಕ್ಕನ ಮುಖ ಗಂಟಿಕ್ಕಿತ್ತು.

"ಏನಕ್ಕಾ, ಈರುಳ್ಳಿ ಕಾಟವಾ?"

"ಜನರ ಕಾಟ. ಕಂಪನಿಯವರು ಆವೃತ್ತಿ ಸಂಖ್ಯೆ ಹಾಗೇ ಇಟ್ಟು ಒಳಗಿನ ಕಡತ ಬದಲಾಯಿಸಿದ್ದಾರೆ. ಬೆರಳಚ್ಚು ಹೊಂದ್ತಿಲ್ಲ. ಯಾಕೆ ಬದಲಾಯಿಸಿದ್ರಿ ಅಂತ ಕೇಳಿ ಮೂರು ದಿನ ಆಯ್ತು, ಉತ್ತರವಿಲ್ಲ. ಬಳಸೋ ಜನ ನೋಡಿದ್ರೆ ಬೆರಳಚ್ಚಿನ ತಪಾಸಣೆ ಸಾಲನ್ನೇ ತೆಗಿ ಅಂತ ಕುಣೀತಿದ್ದಾರೆ."

"ತೆಗೆದ್ರೆ ಏನಾಗುತ್ತೆ?"

"ಏನು ಬೇಕಾದ್ರೂ ಆಗಬಹುದು. ಏನೂ ಆಗದೆಯೂ ಇರಬಹುದು. ಗೊತ್ತಿಲ್ಲದ್ದನ್ನ ಜನರ ಕಂಪ್ಯೂಟರಿಗೆ ತುಂಬಿಸೋಕೆ ನಾನ್ಯಾರು?"

ಪ್ಯಾಕೇಜಿನ ಪುಟದ ತುಂಬ ಇಂಗ್ಲಿಷ್ ಬೈಗುಳ. ಅಕ್ಕ ಓದಿ ಅರ್ಥ ಹೇಳಿದಳು. "ಇಡೀ ಆಫೀಸು ಕೈಕಟ್ಟಿ ಕೂತಿದೆ, ನಿಮಗೆ ನಿದ್ದೆಯೇ?" ಎಂದು ಒಬ್ಬ. ನೀಲಿಗೂಬೆ ಎಂಬ ಹೆಸರಿಟ್ಟುಕೊಂಡ ಇನ್ನೊಬ್ಬ, "ಈಕೆಗೆ ಕೈಲಾಗದು. ಪ್ಯಾಕೇಜ್ ಕಿತ್ತು ನನಗೆ ಕೊಡಿ" ಎಂದು ಪ್ಯಾಕೇಜುಗಳ ತಾಣ ನೋಡಿಕೊಳ್ಳುವ ಉಸ್ತುವಾರಿಗಳಿಗೆ ಅರ್ಜಿ ಹಾಕಿದ್ದ.

ನನಗೆ ಮೈಯೆಲ್ಲ ಉರಿಯಿತು. ಬಿಟ್ಟಿ ದುಡಿಸಿಕೊಂಡು ಬೈಯುವುದೆ? "ಕೈಬಿಟ್ಟುಬಿಡಕ್ಕಾ. ಸಾಯಲಿ. ಯಾವನು ಮಾಡ್ತಾನೋ ನೋಡೋಣ."

"ಹೊಣೆ ಬಿಡೋಕೆ ಇಲ್ಲೊಂದು ಬಟನ್ ಇದೆ. ಒಂದೇ ಸಲ ಒತ್ತಿದ್ರೆ ಸಾಕು. ಎಂಟು ವರ್ಷದಲ್ಲಿ ಅದರ ಹತ್ತಿರ ನನ್ನ ಬೆರಳು ಹೋಗಿಲ್ಲ. ನೀನು ಗೇಟ್ ನೋಡ್ಹೋಗು, ಸಿಡಿಮದ್ದು!"

ಅವಳು ಬಟ್ಟೆ ಒಣಹಾಕಲು ಮೇಲೆ ಹೋದಳು. ಪುಟದಲ್ಲಿ ಹೊಸದೊಂದು ಸಾಲು ಬಂತು. ಅರ್ಥವಾಗಲಿಲ್ಲ, ಕೊನೆಗಿದ್ದ ನಗುವ ಮುಖದ ಚಿತ್ರ ಅರ್ಥವಾಯಿತು. ಒತ್ತಿದೆ. ಎಡವಟ್ಟಿನಿಂದಲ್ಲ, ಬೇಕೆಂದೇ ಆ ಬಟನ್ ಒತ್ತಿದೆ.

ಅಕ್ಕ ಕೆಳಗೆ ಬರುವಷ್ಟರಲ್ಲಿ ನೀಲಿಗೂಬೆ ಪ್ಯಾಕೇಜನ್ನು ತನ್ನದಾಗಿಸಿಕೊಂಡು ತಪಾಸಣೆಯ ಸಾಲನ್ನು ಕಿತ್ತು ಹಾಕಿದ್ದ. ಹೊಗಳಿಕೆಯ ಮಳೆ ಸುರಿಯುತ್ತಿತ್ತು.

ಅವಳು ಕೂಗಾಡಲಿಲ್ಲ. ಖಾಲಿ ಬಕೆಟ್ ಕೆಳಗಿಟ್ಟಳು. "ನನ್ನ ಪರವಾಗಿ ಜಗಳ ಆಡಿದೆ ಅಂದ್ಕೊಂಡ್ಯಾ? ಅವನು ಕೇಳಿದ್ದನ್ನೇ ತಟ್ಟೇಲಿಟ್ಟು ಕೊಟ್ಟೆಯಲ್ಲೋ."

"ಕಂಪ್ಯೂಟರ್ ಕೆಟ್ಟುಹೋಯ್ತು, ತಾನೇ ಒತ್ತಿಕೊಳ್ತು ಅಂತ ಬರಿಯಕ್ಕಾ."

"ಸುಳ್ಳು ಬರೆಯೋದಾದ್ರೆ ತಪಾಸಣೆ ಯಾಕೆ ಬೇಕಿತ್ತು?"

ಉಸ್ತುವಾರಿಗಳಿಗೆ ಅವಳು ಬರೆದದ್ದನ್ನು ನನಗೂ ಓದಿ ಹೇಳಿದಳು: "ನನ್ನ ತಮ್ಮ ಕೋಪದಲ್ಲಿ ಒತ್ತಿದ. ಖಾತೆ ತೆರೆದಿಟ್ಟು ಹೋದದ್ದು ನನ್ನ ತಪ್ಪು, ಶಿಕ್ಷೆ ಇದ್ದರೆ ಕೊಡಿ. ಆದರೆ ಆ ಸಾಲು ಕಿತ್ತದ್ದನ್ನು ನಾನು ಒಪ್ಪುವುದಿಲ್ಲ. ಪ್ಯಾಕೇಜ್ ನನಗೆ ಕೊಟ್ಟರೂ ಇಷ್ಟೇ, ಕೊಡದಿದ್ದರೂ ಇಷ್ಟೇ."

ಆಮೇಲೆ ಹಳೆಯ ಕಡತ, ಹೊಸ ಕಡತ ಎರಡನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟು ಹೋಲಿಸಲು ಕೂತಳು. ಡಿಪೋಗೆ ಎರಡು ದಿನ ರಜೆ ಹಾಕಿದಳು. ಹೊಸದರೊಳಗೆ ಹದಿನೇಳು ಸಣ್ಣ ಕಡತ ಹೆಚ್ಚಿಗೆ ಸಿಕ್ಕವು. ಹೊರಗಿನವರ ಕೈಗೆ ಕೊಡುವ ಪ್ರತಿಯಲ್ಲಿ ಇರಬಾರದಂಥವು. ಹೆಸರು ಸಮೇತ ಪಟ್ಟಿ ಮಾಡಿ ನೀಲಿಗೂಬೆಯ ಪುಟದಲ್ಲೇ ಹಾಕಿದಳು. ಮುದುಕಿಯ ಹಟ ಎಂದರು. ಪಟ್ಟಿಯನ್ನು ಮತ್ತೊಮ್ಮೆ ಹಾಕಿದಳು, ಕಂಪನಿಗೂ ಕಳಿಸಿದಳು.

ಬುಧವಾರ ಕಂಪನಿಯಿಂದ ಒಂದೇ ಸಾಲಿನ ಉತ್ತರ ಬಂತು. ಒಳಗಿನ ಪರೀಕ್ಷೆಯ ಪ್ರತಿ ಕೈತಪ್ಪಿ ಹೊರಗೆ ಬಂದಿತ್ತಂತೆ, ಸರಿಯಾದದ್ದನ್ನು ಮತ್ತೆ ಇಟ್ಟಿದ್ದಾರಂತೆ. ಕೃತಜ್ಞತೆಯ ಮಾತು ಇರಲಿಲ್ಲ. ಕುಣಿದಿದ್ದ ಆಫೀಸುಗಳು ತಮ್ಮ ಕಂಪ್ಯೂಟರುಗಳಿಂದ ಆ ಪ್ರತಿಯನ್ನು ಕೀಳಲು ಕೂತವು. ಮರುದಿನ ಉಸ್ತುವಾರಿಗಳು ಪ್ಯಾಕೇಜನ್ನು ಅಕ್ಕನಿಗೆ ಮರಳಿಸಿದರು. ಖಾತೆಗೆ ಒಂದು ಎಚ್ಚರಿಕೆಯನ್ನೂ ಅಂಟಿಸಿದರು.

"ಎಚ್ಚರಿಕೆ ಯಾಕಂತೆ? ನಾನು ಮಾತಾಡ್ಲಾ ಅವರ ಹತ್ರ?"

"ನಿನ್ನಿಂದಲೇ ಬಂದದ್ದು. ಮುಚ್ಕೊಂಡು ಕೂತ್ಕೋ."

ಅಕ್ಕ ಮೊದಲು ಮಾಡಿದ್ದು ಆ ಅರವತ್ತನಾಲ್ಕು ಅಕ್ಷರಗಳನ್ನು ಮರಳಿ ಕೂರಿಸಿದ್ದು. ನೀಲಿಗೂಬೆ ಕ್ಷಮೆ ಕೇಳಲಿಲ್ಲ. "ಕಂಪನಿ ಉತ್ತರ ಕೊಡದೇ ಇದ್ದಿದ್ದರೆ ಇಷ್ಟೂ ಜನರನ್ನು ಎಷ್ಟು ದಿನ ಕಾಯಿಸುತ್ತಿದ್ದಿರಿ?" ಎಂದು ಕೆಣಕಿದ.

ನಾನು ತೋಳೇರಿಸಿದೆ. ಅಕ್ಕ ನನ್ನ ಕೈಯನ್ನು ಕಂಪ್ಯೂಟರಿನಿಂದ ದೂರ ಸರಿಸಿ ತಾನೇ ಬರೆದಳು: "ಕೊಡುವ ತನಕ."