ಹುಲ್ಲಹಳ್ಳಿ ಕಡೆಯ ಯೂರೋಪ್ ರುದ್ರಮ್ಮ

ಯೂರೋಪ್ ರುದ್ರಮ್ಮ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಫೋನಿನಲ್ಲಿ, ೨೦೦೪ರ ಜೂನ್ ತಿಂಗಳಲ್ಲಿ. ಮಾತಾಡುತ್ತಿದ್ದವರು ಹುಲ್ಲಹಳ್ಳಿ ಕಡೆಯ ಒಂದೂರಿನ ಮಿಡಿಸೌತೆ ಬೆಳೆಗಾರರ ಸಂಘದ ಅಧ್ಯಕ್ಷ ಅಮೃತೇಶ್. ಇಂಗ್ಲೆಂಡ್ ದೇಶವು ಯೂರೋಪ್ ಒಕ್ಕೂಟವನ್ನು ಬಿಡಬೇಕೇ ಎಂಬ ವಿಷಯವಾಗಿ ಸಭೆ ಇಟ್ಟುಕೊಂಡಿದ್ದೇವೆ, ಪೇಪರಿಗೆ ಬರೆಯುವವರು ನೀವು, ಮುಖ್ಯ ಅತಿಥಿಯಾಗಿ ಬರಬೇಕು ಎಂದರು. ಅದೇ ಸಭೆಯಲ್ಲಿ ಯೂರೋಪ್ ರುದ್ರಮ್ಮನ ವಿಷಯವನ್ನೂ ತೀರ್ಮಾನ ಮಾಡುವುದಿದೆ ಎಂದು ಸೇರಿಸಿದರು.

ನಾನು ತಿಳಿದುಕೊಂಡದ್ದು ಇಷ್ಟು: ಜರ್ಮನಿಯಲ್ಲೋ ಹಾಲೆಂಡಿನಲ್ಲೋ ಬಹುಕಾಲ ಇದ್ದು ಬಂದ ವಿದುಷಿ ಯಾರೋ ಇದ್ದಾರೆ, ಆಕೆಗೆ ಸನ್ಮಾನ. ಮೈಸೂರಿನಲ್ಲಿ ಗಂಧದ ಚಕ್ಕೆಯ ಹಾರವೊಂದನ್ನು ಕೊಂಡು, ಎರಡು ವಾಕ್ಯ ಇಂಗ್ಲಿಷನ್ನು ಬಾಯಿಪಾಠ ಮಾಡಿಕೊಂಡು ಬಸ್ಸು ಹತ್ತಿದೆ.

ಸಭೆಗೆ ಇನ್ನೂ ಹೊತ್ತಿತ್ತು. ಯೂರೋಪ್ ರುದ್ರಮ್ಮನವರ ಮನೆ ಯಾವುದು ಎಂದು ಕೇಳಿದ್ದಕ್ಕೆ ಊರಿನವರು ನಾಲೆಯ ಪಕ್ಕದ ಹೊಲವೊಂದನ್ನು ತೋರಿಸಿದರು. ಕಡ್ಡಿಗೆ ದಾರ ಕಟ್ಟಿ ಹಬ್ಬಿಸಿದ ಬಳ್ಳಿಗಳ ನಡುವೆ, ಸೀರೆಯ ಮೇಲೆ ಗಂಡನ ಹಳೇ ಶರ್ಟು ತೊಟ್ಟ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತು ಕಾಯಿ ಕೀಳುತ್ತಿದ್ದರು. ಐವತ್ತರ ಆಸುಪಾಸು. ನಾನು ಕೈಮುಗಿದು, ಯೂರೋಪಿನಲ್ಲಿ ಯಾವ ದೇಶದಲ್ಲಿದ್ದಿರಿ ತಾಯಿ ಎಂದೆ.

"ಇಲ್ಲೇ ಕಳಲೇಲಿ ಉಟ್ದೆ, ಈ ಊರ್ಗೆ ಕೊಟ್ರು. ನಡುಮಧ್ಯೆ ಎಲ್ಲೂ ಓಗಿಲ್ಲ ಸಾ."

ಹಾರವನ್ನು ನೋಡಿ, ಯಾರಿಗೆ ಎಂದು ಕೇಳಿದರು. ಹೇಳಿದೆ. ಅವರು ನಗಲೂ ಇಲ್ಲ. ಇವತ್ತು ಸನ್ಮಾನವಲ್ಲ, ಬೆಳೆಗಾರರ ಪಟ್ಟಿಯಿಂದ ತಮ್ಮ ಹೆಸರು ಹೊಡೆದುಹಾಕುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕಂಪನಿ ಮುಂದಿನ ಬೆಳೆಗೆ ಬೀಜ ಕೊಡುವುದಿಲ್ಲ, ಈ ಇಪ್ಪತ್ತು ಗುಂಟೆಯಲ್ಲಿ ಇನ್ನು ರಾಗಿ ಚೆಲ್ಲಬೇಕಷ್ಟೇ ಎಂದರು. ಮಾತಾಡುತ್ತಲೇ ಕೈ ಕೀಳುತ್ತಿತ್ತು. ಹಾರವನ್ನು ನಾನು ಚೀಲದ ತಳಕ್ಕೆ ತಳ್ಳಿದೆ.

ಈ ಮಿಡಿಸೌತೆಯ ಸಂಗತಿಯನ್ನು ಸ್ವಲ್ಪ ಹೇಳಬೇಕು. ಬೆರಳುದ್ದದ ಕಾಯಿ. ಊರಲ್ಲಿ ಯಾರೂ ತಿನ್ನುವುದಿಲ್ಲ. ಕಂಪನಿ ಬೀಜ ಕೊಟ್ಟು ಬೆಳೆಸಿ, ಕೊಂಡು, ವಿನಿಗರ್ ಹುಳಿಯಲ್ಲಿ ಅದ್ದಿ ಹಡಗಿಗೆ ಹಾಕುತ್ತದೆ. ಚಿಕ್ಕದಾದಷ್ಟೂ ಬೆಲೆ. ಡೊಂಕಾದರೆ, ದಪ್ಪವಾದರೆ ವಾಪಸ್ಸು. ಖರೀದಿ ಕೇಂದ್ರದಲ್ಲಿ ಕಾಯಿ ಆರಿಸುವ ಸೂಪರ್‌ವೈಸರ್ ಬಸವಪ್ರಸಾದ್ ಎಂಬಾತ ಡೊಂಕು ಕಾಯಿಯನ್ನು ಎಸೆಯುವಾಗಲೆಲ್ಲ "ಯೂರೋಪ್ ಒಪ್ಪಲ್ಲ" ಎನ್ನುತ್ತಿದ್ದ. ಮಿಕ್ಕವರು ಉಳಿದ ಕಾಯಿ ತೂಗಿಸಿಕೊಂಡು ಹೋಗುತ್ತಿದ್ದರು. ರುದ್ರಮ್ಮ ಮಾತ್ರ ದಿನಾ, ಅದ್ಯಾರಪ್ಪ ಯೂರೋಪು, ಒಂದಿನ ಕರ್ಕೊಂಡು ಬಾ ಎಂದು ಪಟ್ಟು ಹಿಡಿಯುತ್ತಿದ್ದರು. ಹೆಸರು ಅಂಟಿಕೊಂಡದ್ದು ಹಾಗೆ. ಕೊನೆಗೆ ಕಾಟ ತಾಳಲಾರದೆ ಬಸವಪ್ರಸಾದ್, ಕಂಪನಿ ಕಾಯಿ ತುಂಬಿ ಯೂರೋಪಿಗೆ ಕಳಿಸುವಂಥ ಒಂದು ಗಾಜಿನ ಸೀಸೆ ತಂದುಕೊಟ್ಟ. ರುದ್ರಮ್ಮ ಅದರ ಮುಂದೆ ಕೂತು ನೆಟ್ಟನೆಯ ಕಾಯಿಗಳನ್ನು ನಿಲ್ಲಿಸಿದರು, ಡೊಂಕಿನವನ್ನು ತುರುಕಿದರು, ತೆಗೆದರು, ಮತ್ತೆ ತುರುಕಿದರು; ಡೊಂಕಿನವು ಅರ್ಧವೂ ಹಿಡಿಯಲಿಲ್ಲ. ಅವತ್ತಿನಿಂದ ಡೊಂಕು ಕಾಯಿಯನ್ನು ಕಿತ್ತು ಹೊಲದಲ್ಲೇ ಎಸೆದುಬರತೊಡಗಿದರು. ಹೆಸರು ಹೋಗಲಿಲ್ಲ.

ಅಮೃತೇಶರದು ಬೇರೆ ದಾರಿ. ಅವರು ರಾಜ್ಯಶಾಸ್ತ್ರದಲ್ಲಿ ಬಿ.ಎ. ಮಾಡಿದವರು, ಮಾಡಿದ್ದನ್ನು ಮರೆಯಲು ಯಾರಿಗೂ ಬಿಟ್ಟವರಲ್ಲ. ಸೌತೆಕಾಯಿ ಎಷ್ಟು ಡೊಂಕಿರಬಹುದು ಎಂದು ಯೂರೋಪ್ ಒಕ್ಕೂಟ ನಿಯಮ ಮಾಡಿದೆಯೆಂದೂ, ಇಂಥದ್ದನ್ನೆಲ್ಲ ಯಾಕೆ ಸಹಿಸಬೇಕು, ಒಕ್ಕೂಟವನ್ನೇ ಬಿಡೋಣ ಎಂದು ಇಂಗ್ಲೆಂಡಿನಲ್ಲಿ ಕೆಲವರು ಕೂಗಾಡುತ್ತಿದ್ದಾರೆಂದೂ ಅವರು ಯಾವುದೋ ಪೇಪರಿನಲ್ಲಿ ಓದಿದರು. ಅಲ್ಲಿಂದ ಅವರನ್ನು ಹಿಡಿಯುವವರಿಲ್ಲ. ಇಂಗ್ಲೆಂಡ್ ಯೂರೋಪನ್ನು ಬಿಟ್ಟರೆ ನಮ್ಮ ಡೊಂಕು ಕಾಯಿ ನೇರವಾಗಿ ಲಂಡನ್ನಿಗೆ ಹೋಗುತ್ತದೆ ಎಂದು ಸಂಘದ ಸಭೆ ಕರೆದು ವಿವರಿಸಿದರು. ಇಂಗ್ಲೆಂಡು ಈ ಕೂಡಲೇ ಹೊರಬರಬೇಕೆಂದು ನಿರ್ಣಯವಾಯಿತು. ಇಪ್ಪತ್ತೇಳು ಸಹಿ, ಹನ್ನೊಂದು ಹೆಬ್ಬೆಟ್ಟು. ಅದನ್ನು ಇಂಗ್ಲೆಂಡಿನ ಪ್ರಧಾನಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ಪೋಸ್ಟಾಫೀಸಿನ ರಸೀತಿಗೆ ಕಟ್ಟು ಹಾಕಿಸಿ ಅಧ್ಯಕ್ಷರು ನಡುಮನೆಯಲ್ಲಿ ತೂಗುಹಾಕಿದರು.

ಆ ಸಭೆಯಲ್ಲಿ ರುದ್ರಮ್ಮ ಒಂದೇ ಒಂದು ಮಾತು ಕೇಳಿದ್ದು: "ಇಂಗ್ಲೆಂಡು ಬುಟ್ಟೋದ್ರೆ ಸೀಸೆ ದೊಡ್ದಾಯ್ತದ ಅಮೃತೇಸಪ್ಪ?"

ಇದು ತಾಂತ್ರಿಕ ಪ್ರಶ್ನೆ, ನಾವು ಮಾತಾಡುತ್ತಿರುವುದು ಸಾರ್ವಭೌಮತ್ವದ ಬಗ್ಗೆ ಎಂದು ಅಧ್ಯಕ್ಷರು ಕೂರಿಸಿದರು. ಕೂರಿಸಿದ ಮೇಲೆ ಎರಡನೇ ನಿರ್ಣಯ ಬಂತು: ಇಂಗ್ಲೆಂಡಿಗೆ ಮಾದರಿಯಾಗಿ ನಾವೇ ಮೊದಲು ಹೊರಬರೋಣ. ಎಂಟು ದಿನ ಯಾರೂ ಕಾಯಿ ಕೀಳಬಾರದು, ಕಂಪನಿಗೆ ಹಾಕಬಾರದು. ಡೊಂಕು ಕಾಯಿ ಕೊಳ್ಳುತ್ತೇವೆಂದು ಕಂಪನಿ ಓಡಿಬರುತ್ತದೆ. ಎಲ್ಲರೂ ಕೈಯೆತ್ತಿದರು. ರುದ್ರಮ್ಮನವರ ಗಂಡ ಗಂಗಾಧರಸ್ವಾಮಿಯವರೂ ಎತ್ತಿದರು.

ಕೈಯೆತ್ತಿದವರನ್ನು ಪೂರ್ತಿ ಬೈಯುವಂತಿಲ್ಲ. ಅದು ಕಬ್ಬಿನ ಸೀಮೆ. ಕಾರ್ಖಾನೆಯ ಮೇಲೆ ಸಿಟ್ಟು ಬಂದರೆ ಕಬ್ಬನ್ನು ಕಡಿಯದೆ ನಿಲ್ಲಿಸುವುದು ಅಲ್ಲಿ ಅಪ್ಪಂದಿರ ಕಾಲದಿಂದ ಬಂದ ಅಸ್ತ್ರ. ಕಬ್ಬು ನಿಂತೇ ಇರುತ್ತದೆ, ಎಂಟು ದಿನಕ್ಕೆ ಅದಕ್ಕೇನೂ ಆಗುವುದಿಲ್ಲ. ಮಿಡಿಸೌತೆ ಕಬ್ಬಲ್ಲ. ಇವತ್ತಿನ ಬೆರಳು ನಾಳೆ ಹೆಬ್ಬೆರಳು, ಮೂರನೇ ದಿನಕ್ಕೆ ಮೊಣಕೈ. ಕಾಯಿ ಬಲಿತು ಬೀಜ ಕಟ್ಟಿತೆಂದರೆ ತನ್ನ ಕೆಲಸ ಮುಗಿಯಿತೆಂದು ಬಳ್ಳಿ ಹೂವು ಬಿಡುವುದನ್ನೇ ನಿಲ್ಲಿಸುತ್ತದೆ. ಇದು ಅಲ್ಲಿ ಕೈಯೆತ್ತಿದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಆದರೆ ಕೈಯೆತ್ತುವಾಗ ಅವರೆಲ್ಲ ಕಬ್ಬಿನವರಾಗಿದ್ದರು.

ರುದ್ರಮ್ಮ ಮಾರನೇ ಬೆಳಿಗ್ಗೆ ಕಾಯಿ ಕಿತ್ತರು. ಊರಿನ ಖರೀದಿ ಕೇಂದ್ರಕ್ಕೆ ಸಂಘದವರು ಬೀಗ ಹಾಕಿ, ಇಬ್ಬರನ್ನು ಕಾವಲು ಕೂರಿಸಿದ್ದರು. ತಿ. ನರಸೀಪುರದಲ್ಲಿ ಅದೇ ಕಂಪನಿಯ ಇನ್ನೊಂದು ಕೇಂದ್ರವಿದೆ, ಹನ್ನೊಂದರೊಳಗೆ ತಂದರೆ ತೂಕ ಹಾಕುತ್ತಾರೆ ಎಂದು ಬಸವಪ್ರಸಾದ್ ಹೇಳಿದ್ದ. ಎರಡು ಚೀಲ ಹೊತ್ತು ನಂಜನಗೂಡಿಗೆ ಒಂದು ಬಸ್ಸು, ಅಲ್ಲಿಂದ ನರಸೀಪುರಕ್ಕೆ ಇನ್ನೊಂದು. ಕಂಡಕ್ಟರ್ ಚೀಲಕ್ಕೂ ಟಿಕೆಟ್ ಹರಿದ. ಹೀಗೆ ದಿನಾ ಹೋದರು. ಬಳ್ಳಿ ನಿಲ್ಲಬಾರದು, ಅಷ್ಟೇ ಅವರ ತಲೆಯಲ್ಲಿದ್ದದ್ದು. ಗಂಡ ಮೊದಲೆರಡು ದಿನ ಮಾತು ಬಿಟ್ಟಿದ್ದು, ಮೂರನೇ ದಿನ ಚೀಲದ ಬಾಯಿ ಕಟ್ಟಿಕೊಟ್ಟರು.

ಆ ಮೂರನೇ ದಿನ ನರಸೀಪುರದಲ್ಲಿ ನಡೆದದ್ದನ್ನು ಆಕೆ ನನಗೆ ಹೇಳಿದ್ದು ತಿಂಗಳ ಮೇಲೆ. ಕಂಪನಿ ಪ್ರತಿ ಬೆಳೆಗಾರನಿಗೂ ನಂಬರು ಬರೆದ ಪ್ಲಾಸ್ಟಿಕ್ ಕ್ರೇಟು ಕೊಟ್ಟಿರುತ್ತದೆ. ರುದ್ರಮ್ಮನದು ಹದಿನಾಲ್ಕು. ಒಂದನೇ ನಂಬರು ತನಗೇ ಬೇಕೆಂದು ಹಟ ಹಿಡಿದು, ಊರ ಹೆಸರಿನ ಕೆಳಗೆ ಕೆಂಪು ಬಣ್ಣದಲ್ಲಿ ದಪ್ಪಗೆ ಬರೆಸಿಕೊಂಡವರು ಅಮೃತೇಶ್. ನರಸೀಪುರದ ಕೇಂದ್ರದ ಜಗುಲಿಯ ಮೇಲೆ ಆ ಕೆಂಪು ಒಂದು ನಂಬರಿನ ಆರು ಕ್ರೇಟುಗಳು ಕೂತಿದ್ದವು, ಅವುಗಳ ತುಂಬ ಆ ಬೆಳಿಗ್ಗೆ ಕಿತ್ತ ಹಸಿ ಕಾಯಿ. ರುದ್ರಮ್ಮ ಚೀಲ ಇಳಿಸಿ ಅದರಲ್ಲೊಂದರ ಅಂಚಿನ ಮೇಲೆ ಕೂತರು. ಆಟೋದವನಿಗೆ ಬಾಡಿಗೆ ಕೊಟ್ಟು ಬಂದವನು ಅಧ್ಯಕ್ಷರ ಭಾವಮೈದುನ. ಏಳಿ ಅಕ್ಕ ಎಂದ. ಯಾರದಪ್ಪ ಇದು ಎಂದರು. ನಮ್ಮದೇ, ಈ ಕಡೆ ಗುತ್ತಿಗೆಗೆ ಮಾಡಿದ್ದೀನಿ ಎಂದ. ರುದ್ರಮ್ಮ ಎದ್ದು, ಬಾಯಲ್ಲಿದ್ದ ಎಲೆಯಡಿಕೆಯನ್ನು ಚರಂಡಿಗೆ ಉಗಿದರು. ಜಗಿದಿದ್ದು ಆಗ ತಾನೇ ಎಂದು ನನಗೆ ಹೇಳುವಾಗಲೂ ಅವರ ಮೂಗು ಸೊಟ್ಟಗಾಯಿತು.

ಎಂಟನೇ ದಿನದ ಸಭೆಗೆ ನಾನು ಹೋದಾಗ ಊರು ನಾರುತ್ತಿತ್ತು. ಹೊಟ್ಟೆಯುಬ್ಬಿ ಹಳದಿ ತಿರುಗಿದ ಕಾಯಿಗಳನ್ನು ಜನ ಗಾಡಿಗಟ್ಟಲೆ ನಾಲೆಯ ಏರಿಯ ಮೇಲೆ ಸುರಿದಿದ್ದರು. ಜೂನ್ ಬಿಸಿಲಿಗೆ ಅವು ಬಾಯಿಬಿಟ್ಟು, ಲೋಳೆ ಇಳಿದು, ಅದರ ಮೇಲೆ ನೊಣ ಕಪ್ಪಗೆ ಕೂತಿತ್ತು. ಎಮ್ಮೆಗಳು ಮೂಸಿ ಪಕ್ಕದಲ್ಲಿ ಸುತ್ತಿ ಹೋಗುತ್ತಿದ್ದವು. ಕಂಪನಿಯಿಂದ ಯಾರೂ ಓಡಿಬಂದಿರಲಿಲ್ಲ. ಇಂಗ್ಲೆಂಡಿನಿಂದಲೂ. ಆ ಗಬ್ಬಿನ ನಡುವೆ ಶಾಮಿಯಾನ, ಅದರಡಿಯಲ್ಲಿ ವಿಜಯೋತ್ಸವ ಎಂಬ ಬ್ಯಾನರು. ಅಮೃತೇಶ್ ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಮೂಗಿಗೆ ಕರ್ಚೀಫು ಹಿಡಿದು ಮುಕ್ಕಾಲು ಗಂಟೆ ಮಾತಾಡಿದರು. ತ್ಯಾಗ ಎಂಬ ಮಾತು ಹನ್ನೆರಡು ಸಲ ಬಂತು. ಎದುರಿಗೆ ಕೂತವರ ಬಳ್ಳಿಗಳು ಆಗಲೇ ಒಣಗಿದ್ದವು, ಆದರೂ ಚಪ್ಪಾಳೆ ತಟ್ಟಿದರು. ಮುಖ್ಯ ಅತಿಥಿಯಾದ್ದರಿಂದ ನಾನೂ ತಟ್ಟಿದೆ.

ಆಮೇಲೆ ಅಮೃತೇಶ್ ಜೇಬಿನಿಂದ ಚೀಟಿ ತೆಗೆದರು. ನಾವೆಲ್ಲ ಒಂದು ಮಾತಿಗೆ ಕಟ್ಟುಬಿದ್ದಿರುವಾಗ ಒಬ್ಬರು ಮಾತ್ರ ನಮ್ಮ ಬೆನ್ನಿಗೆ ಚೂರಿ ಹಾಕಿದ್ದಾರೆ. ಯೂರೋಪಿನ ಆ ಏಜೆಂಟರನ್ನು ಪಟ್ಟಿಯಿಂದ ತೆಗೆಯುವ ನಿರ್ಣಯವನ್ನು ಈಗ ಓದುತ್ತೇನೆ ಎಂದರು. ರುದ್ರಮ್ಮ ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ನಿಂತಿದ್ದರು. ಅದೇ ಶರ್ಟು. ಗಂಗಾಧರಸ್ವಾಮಿಯವರು ತಲೆ ತಗ್ಗಿಸಿ ಕೂತಿದ್ದರು. ಯಾರೂ ಹಿಂದಕ್ಕೆ ತಿರುಗಿ ನೋಡಲಿಲ್ಲ.

ಆಕೆಯ ಹೆಸರು ಪಟ್ಟಿಯಲ್ಲಿ ಉಳಿಯಿತು. ಅಮೃತೇಶರ ಅಧ್ಯಕ್ಷಗಿರಿ ಆ ಸಂಜೆಯೇ ಹೋಯಿತು. ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಹೇಗಾದರೂ ಸಭೆಯನ್ನು ತಿಳಿ ಮಾಡೋಣವೆಂದು ಮೈಕು ಇಸಿದುಕೊಂಡೆ. ನಿರ್ಣಯ ಓದುವ ಮೊದಲು ಅವರ ಅಭಿಪ್ರಾಯವನ್ನೂ ಕೇಳುವುದು ಪ್ರಜಾಪ್ರಭುತ್ವದ ಲಕ್ಷಣ ಎಂದು ಪೀಠಿಕೆ ಹಾಕಿ, ಹಲ್ಲು ಕಿರಿದು ಕೇಳಿದೆ: ಹೇಳಿ ರುದ್ರಮ್ಮನವರೇ, ಇಂಗ್ಲೆಂಡು ಯೂರೋಪನ್ನು ಬಿಡಬೇಕೋ, ಬೇಡವೋ?

"ಅದ್ ನಂಗೇನ್ ಗೊತ್ತು ಸಾ. ಬುಡಿ ಬುಡಿ ಅಂತ ಅಲ್ಲಿ ಯಾವನ್ ಬಾಯ್ ಬಡ್ಕತಾವ್ನೋ, ಅವನ್ ಒಲದಲ್ಲಿ ಕಾಯಿ ಕಿತ್ತವ್ರ ಇಲ್ವ, ಮೊದ್ಲು ಓಗಿ ಅದ ನೋಡ್ಕಬನ್ನಿ. ಇಂಗ್ಲೆಂಡ್ಗೆ ಓಗಕಾಗ್ದಿದ್ರೆ ಅಮೃತೇಸಪ್ಪನ್ ಒಲಕ್ಕೋಗಿ, ಇಲ್ಲೇ ಅದೆ."