ರೊಟ್ಟಿ ಅಕ್ಕನಿಗೆ ನಾನು ಕೊಟ್ಟ ಮಾತ್ರೆ

ಅವರ ಬಲಗೈಯ ಅಂಗೈ ಸದಾ ಕೆಂಪಗಿರುತ್ತಿತ್ತು. ದಿನಕ್ಕೆ ಎಂಬತ್ತು ಜೋಳದ ರೊಟ್ಟಿ ಬಡಿಯುವ ಕೈ. ಕಾಶಿಯ ಜಂಗಮವಾಡಿ ಗಲ್ಲಿಯಲ್ಲಿ ಯಾವ ಬಾಗಿಲ ಹಿಂದಿನಿಂದ ತಟತಟ ಸದ್ದು ಬರುತ್ತದೋ ಅದೇ ಅವರ ಮನೆ. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸಲು ಮೈಸೂರಿನಿಂದ ಬಂದ ನನಗೆ ಆ ಊರಲ್ಲಿ ಕೇಳಿಸಿದ ಮೊದಲ ಕನ್ನಡ ಅವರದು: "ಒಳಗ ಬಾ ತಂಗಿ, ನಿಂತು ಉಂಡ್ರ ಮೈಗೆ ಹತ್ತಂಗಿಲ್ಲ." ಬಿಜಾಪುರದ ಕಡೆಯವರು. ಅವರ ರೊಟ್ಟಿ ಕೊಳ್ಳುವ ಕನ್ನಡದ ಮನೆಯವರಾದ ನಮಗೆಲ್ಲ ರೊಟ್ಟಿ ಅಕ್ಕ, ಗಲ್ಲಿಯ ಹಾಲಿನವನಿಗೆ ಭೌಜಿ, ಅಂದರೆ ಅತ್ತಿಗೆ. ಅವನೊಡನೆ ಅರ್ಧ ಕನ್ನಡದ ಹಿಂದಿಯಲ್ಲಿ ಜಗಳವಾಡಿ ಗೆದ್ದು, ನನ್ನತ್ತ ತಿರುಗಿ ಕಣ್ಣು ಮಿಟುಕಿಸುತ್ತಿದ್ದರು.

ಕೊರೊನಾದಲ್ಲಿ ಅವರ ಗಂಡ ತೀರಿಕೊಂಡರು. ಆಂಬುಲೆನ್ಸಿನ ಬಾಗಿಲು ಮುಚ್ಚಿದ್ದೇ ಕೊನೆ, ಮತ್ತೆ ಮುಖ ನೋಡಲಾಗಲಿಲ್ಲ. ಆಮೇಲೆ ದೂರದ ರಸ್ತೆಯಲ್ಲಿ ಸೈರನ್ ಕೂಗಿದರೂ ಅಕ್ಕನ ಕೈ ಹಿಟ್ಟಿನಲ್ಲೇ ನಿಂತುಬಿಡುತ್ತಿತ್ತು. "ಎದಿ ಮ್ಯಾಲ ಯಾರೋ ಕುಂತಂಗ ಆಗ್ತದ ತಂಗಿ. ನಿದ್ದಿನೂ ಇಲ್ಲ," ಎಂದರು ಒಂದು ದಿನ.

ವೈದ್ಯರು ನನಗೆಂದು ಬರೆದುಕೊಟ್ಟಿದ್ದ ನಿದ್ದೆ ಮಾತ್ರೆ ಚೀಲದಲ್ಲಿತ್ತು. ಅರ್ಧ ಪಟ್ಟಿ ಅವರ ಕೈಗಿಟ್ಟೆ. "ಒಂದು ತಗೊಳ್ಳಿ ಅಕ್ಕ, ಎಲ್ಲ ಸರಿಹೋಗುತ್ತೆ." ಕೂತು ಕೇಳಬೇಕಿತ್ತು. ನನಗೆ ತರಗತಿಗೆ ಹೊತ್ತಾಗಿತ್ತು.

ನಿದ್ದೆ ಬಂತು. ಖಾಲಿ ಪಟ್ಟಿ ತೋರಿಸಿದರೆ ಔಷಧಿ ಅಂಗಡಿಯವನು ಚೀಟಿ ಕೇಳದೆ ಕೊಡುತ್ತಿದ್ದ. ಒಂದು ಮಾತ್ರೆ ಎರಡಾಯಿತು, ಎರಡು ಐದಾಯಿತು. ವರ್ಷದೊಳಗೆ ಹಗಲಲ್ಲೂ ನಾಲಿಗೆ ತೊದಲತೊಡಗಿತು, ರೊಟ್ಟಿ ಸೀಯತೊಡಗಿತು. ಅಕ್ಕ ನಶೆಗೆ ಬಿದ್ದಿದ್ದಾರೆಂದು ಕನ್ನಡದ ಮನೆಗಳಲ್ಲಿ ಪಿಸುಮಾತು. ಪಿಸುಗುಟ್ಟಿದವರಲ್ಲಿ ನಾನೂ ಒಬ್ಬಳು.

ಕಡೆಗೆ ಸಿಟ್ಟಿನಿಂದ ಹೋಗಿ ಅವರ ಡಬ್ಬಿಯ ಮಾತ್ರೆಗಳನ್ನೆಲ್ಲ ಚರಂಡಿಗೆ ಸುರಿದೆ. "ನಾಚಿಕೆ ಆಗಲ್ವಾ ನಿಮಗೆ?" ಅವರು ಖಾಲಿ ಡಬ್ಬಿಯ ಮುಚ್ಚಳ ಹಾಕಿದರು. "ಅದು ಇಲ್ಲಂದ್ರ ಅಂಜಿಕಿ ಬರ್ತದವ್ವ," ಎಂದರಷ್ಟೇ.

ಮೂರನೆಯ ದಿನ ಒಲೆಯ ಪಕ್ಕ ಫಿಟ್ಸ್ ಬಂದು ಬಿದ್ದರು. ಆಸ್ಪತ್ರೆಯಲ್ಲಿ ನೋಡಿದ ಮನೋವೈದ್ಯೆ ಹುಬ್ಬಳ್ಳಿಯವರು. "ಈ ಮಾತ್ರಿ ಒಮ್ಮೆಲೇ ಬಿಡಿಸಬಾರದ್ರಿ, ಮೆಲ್ಲಕ ಇಳಿಸಬೇಕು. ಆ ಅಂಜಿಕಿನೂ ಒಂದು ಜಡ್ಡು. ಎರಡಕ್ಕೂ ಕೂಡೇ ಔಷಧ ಆಗಬೇಕು. ಮೊದಲ ಯಾರು ಕೊಟ್ರು ಇವರಿಗೆ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹಾಸಿಗೆಯಿಂದ ಹೇಳಿದರು: "ನಾನಽ ಅಂಗಡ್ಯಾಗ ತೊಗೊಂಡೆ."

ನಾನು ವೈದ್ಯೆಯ ಕೈಯಿಂದ ಚೀಟಿ ತೆಗೆದುಕೊಂಡು ಔಷಧಿ ತರಲು ಹೊರಟೆ.

ಎಂಟು ತಿಂಗಳು ವಾರವಾರವೂ ಅವರನ್ನು ಇ-ರಿಕ್ಷಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಮಾತ್ರೆ ಇಳಿಯಿತು. ಗಂಡನ ಮಾತೆತ್ತಿ ಅಳುವುದನ್ನು ಕಲಿತರು, ನಗುವುದನ್ನೂ. ನಾಲ್ಕು ಮನೆಗಳಿಗೆ ಮತ್ತೆ ರೊಟ್ಟಿ ಹೋಗತೊಡಗಿತು. ಕಳೆದ ಚಳಿಗಾಲ ನ್ಯುಮೋನಿಯಾ ಬಂತು, ಐದೇ ದಿನದಲ್ಲಿ ಅಕ್ಕ ಹೋಗಿಬಿಟ್ಟರು.

ಹದಿಮೂರನೆಯ ದಿನ ಕಳೆದ ಮೇಲೆ ವೈದ್ಯೆಯ ಬಳಿ ಹೋಗಿ, ಮೊದಲ ಪಟ್ಟಿ ಕೊಟ್ಟವಳು ನಾನೇ ಎಂದೆ.

"ಗೊತ್ತದ್ರಿ. ಅಕ್ಕಾರ ಹೇಳಿದ್ರು. 'ಒಳ್ಳೇದಾಗ್ಲಿ ಅಂತ ಕೊಟ್ಟಾಳ, ನಾ ನಿಮಗ ಹೇಳೀನಂತ ಆಕಿಗೆ ಹೇಳಬ್ಯಾಡ್ರಿ, ಕೊರಗ್ತಾಳ' ಅಂದಿದ್ರು."

ಎಂಟು ತಿಂಗಳು ಅವರ ಪಕ್ಕದಲ್ಲೇ ಕೂತು ಹೋಗಿ ಬಂದವಳು ನಾನು. ತಪ್ಪಾಯಿತು ಅಕ್ಕ ಎಂದು ಒಂದು ಸಲವೂ ಅನ್ನಲಿಲ್ಲ.